ಬಾಕಿ ವಸೂಲಿಗೆ ಕ್ಲೌಡ್ ನೆರವು: ಪ್ರೋಗ್ರಾಂ ಬರೆಯದೆಯೇ ಆಟೊಮೇಷನ್ ಆರಂಭಿಸುವ ಬಗೆ

ಜಯನಗರ 4ನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದ ಸುತ್ತಲಿನ ಅಂಗಡಿಗಳಿಂದ ಹಿಡಿದು ಜೆ.ಪಿ. ನಗರ, ಬನಶಂಕರಿಗಳ ಸಣ್ಣ ತಯಾರಿಕಾ ಘಟಕಗಳವರೆಗೆ, ದಕ್ಷಿಣ ಬೆಂಗಳೂರಿನ ವ್ಯಾಪಾರಸ್ಥರಿಗೆ ಗಣಕಯಂತ್ರವು ಹೊಸದೇನಲ್ಲ. ಬಿಲ್ಲು ಟ್ಯಾಲಿಯಲ್ಲಿ, ಆರ್ಡರು ವಾಟ್ಸ್‌ಆಪ್‌ನಲ್ಲಿ, ದಾಸ್ತಾನು ಎಕ್ಸೆಲ್ ಹಾಳೆಯಲ್ಲಿ. ಆದರೆ ಒಂದೆಡೆಯ ಮಾಹಿತಿಯನ್ನು ಮತ್ತೊಂದೆಡೆಗೆ ಸಾಗಿಸುವ ಕೆಲಸ ಮಾತ್ರ ಇಂದಿಗೂ ಮಾಲೀಕರ ನೆನಪನ್ನೋ ಗುಮಾಸ್ತರ ಬಿಡುವನ್ನೋ ಅವಲಂಬಿಸಿದೆ. ಈ ಸಾಗಾಣಿಕೆಯನ್ನು ಅಂತರಜಾಲದ ಸೇವೆಯೊಂದಕ್ಕೆ ವಹಿಸುವುದಕ್ಕೆ ವರ್ಕ್‌ಫ್ಲೋ ಆಟೊಮೇಷನ್ ಎಂದು ಹೆಸರು. ಅದಕ್ಕೆ ಪ್ರೋಗ್ರಾಂ ಬರೆಯಬೇಕಿಲ್ಲ. ತೆರೆಯ ಮೇಲಿನ ಪಟ್ಟಿಗಳಿಂದ ಆರಿಸಿ ಜೋಡಿಸಿದರೆ ಸಾಕು.

‘ಕೋಡ್ ಇಲ್ಲದೆ’ ಎಂಬ ಮಾತು ಬೆಂಗಳೂರಿನ ವರ್ತಕರಿಗೆ ಹಳೆಯದೇ. 1986ರಲ್ಲಿ ಇಲ್ಲಿಯೇ ಆರಂಭವಾದ ಟ್ಯಾಲಿ ಸಂಸ್ಥೆಯು ಪ್ರತಿ ಖಾತೆಗೂ ಸಂಕೇತ ಸಂಖ್ಯೆ ನೀಡುವ ಪದ್ಧತಿಯನ್ನು ಕೈಬಿಟ್ಟು, ಹೆಸರಿನಿಂದಲೇ ಖಾತೆ ತೆರೆಯುವ ಅನುಕೂಲ ಕಲ್ಪಿಸಿತು. ಅಲ್ಲಿಯ ಕೋಡ್ ಬೇರೆ, ಇಲ್ಲಿಯ ಕೋಡ್ ಬೇರೆ. ಆದರೂ ಲೆಕ್ಕ ಬಲ್ಲವನು ತಂತ್ರಜ್ಞನ ನೆರವಿಲ್ಲದೆ ತನ್ನ ಕೆಲಸ ಮಾಡಿಕೊಳ್ಳಬೇಕೆಂಬ ಆಶಯ ಎರಡರಲ್ಲೂ ಒಂದೇ.

ಇಂತಹ ಸೇವೆಗಳ ಪೈಕಿ ಅಮೆರಿಕದಲ್ಲಿ 2011ರಲ್ಲಿ ಆರಂಭವಾದ ಝಾಪಿಯರ್, ಮೊದಲು ಇಂಟೆಗ್ರೋಮ್ಯಾಟ್ ಎಂಬ ಹೆಸರಿದ್ದ ಮೇಕ್, ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್, ಚೆನ್ನೈನ ಜೋಹೋ ಸಂಸ್ಥೆಯ ಜೋಹೋ ಫ್ಲೋ ಪ್ರಮುಖವಾದವು. ಎಲ್ಲದರ ರಚನೆಯೂ ಹೆಚ್ಚು ಕಡಿಮೆ ಒಂದೇ: ಒಂದು ಘಟನೆ ನಡೆದಾಗ ಅಥವಾ ನಿಗದಿತ ಸಮಯ ಬಂದಾಗ, ಷರತ್ತು ಹೊಂದಿದರೆ, ಇಂತಹ ಕೆಲಸ ಆಗಬೇಕು. ಮೊದಲನೆಯದಕ್ಕೆ ಟ್ರಿಗರ್, ಎರಡನೆಯದಕ್ಕೆ ಫಿಲ್ಟರ್, ಮೂರನೆಯದಕ್ಕೆ ಆಕ್ಷನ್ ಎನ್ನಲಾಗುತ್ತದೆ.

ಎಲ್ಲಿಂದ ಆರಂಭಿಸಬೇಕು? ಹಣ ಸೋರಿಹೋಗುವ ಕಡೆಯಿಂದ. ಸಣ್ಣ ಕೈಗಾರಿಕೆಗಳ ಮಟ್ಟಿಗೆ ಅದು ಬಾಕಿ ವಸೂಲಿ.

ಕಾನೂನಿನ ದಿನಗಣನೆ

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕು ಪಡೆದವರು ಲಿಖಿತ ಒಪ್ಪಂದವಿದ್ದಲ್ಲಿ ಅದರಲ್ಲಿ ನಮೂದಿಸಿದ ದಿನದೊಳಗೆ ಹಣ ಪಾವತಿಸಬೇಕು. ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಗಡುವು ಕೇವಲ 15 ದಿನ. ಎಲ್ಲಕ್ಕೂ 45 ದಿನವೆಂದು ಭಾವಿಸಿರುವವರೇ ಹೆಚ್ಚು. ತಡವಾದರೆ 16ನೇ ಕಲಮಿನಂತೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿಸಲಾದ 43ಬಿ(ಎಚ್) ಉಪಬಂಧವು, ಗಡುವು ಮೀರಿ ಪಾವತಿಸಿದ ಮೊತ್ತವನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ತೋರಿಸಬಹುದೆಂಬ ನಿಯಮವನ್ನು 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ ಜಾರಿಗೆ ತಂದಿತು.

ವರ್ತಕರಿಗೆ 2021ರ ಜುಲೈನಲ್ಲಿ ಉದ್ಯಮ್ ನೋಂದಣಿಯ ಅವಕಾಶ ದೊರೆತರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತವಾಯಿತು. ಆದರೆ ಸಣ್ಣ ತಯಾರಕರಿಂದ ಕೊಳ್ಳುವ ವರ್ತಕರಿಗೆ ತಾವು ಕೊಡಬೇಕಾದ ಬಾಕಿಯ ದಿನಗಣನೆ ಅಷ್ಟೇ ಮುಖ್ಯ. ಹಾಳೆ ಒಂದೇ, ದಿಕ್ಕು ಬೇರೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಗಡುವಿನ ಎಣಿಕೆ ಆರಂಭವಾಗುವುದು ಬಿಲ್ಲಿನ ದಿನಾಂಕದಿಂದಲ್ಲ, ಸರಕು ತಲುಪಿದ ದಿನದಿಂದ. ಟ್ಯಾಲಿಯಲ್ಲಿ ಬಾಕಿ ಪಟ್ಟಿ ಇದ್ದೇ ಇದೆ. ಆದರೆ ಅದು ಸಾಮಾನ್ಯವಾಗಿ ಬಿಲ್ಲಿನ ದಿನಾಂಕವನ್ನು ಅನುಸರಿಸುತ್ತದೆ, ಮತ್ತು ಯಾರಾದರೂ ತೆರೆದು ನೋಡಬೇಕು. ಬನಶಂಕರಿಯ ಘಟಕವೊಂದು ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುತ್ತದೆ ಎಂದಿಟ್ಟುಕೊಳ್ಳೋಣ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಆರಂಭವಾದ ಮೇಲೆ ಬಾಕಿ ಕೇಳಲು ಹೋಗುವ ದಾರಿಯೇನೋ ಸುಗಮವಾಗಿದೆ. ಯಾವ ದಿನ ಹೋಗಬೇಕೆಂಬುದನ್ನು ತಿಳಿಸುವವರು ಬೇಕು.

ಹಾಳೆಯೊಂದು, ಹೆಜ್ಜೆ ಮೂರು

ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ತೆರೆದು ಪಾರ್ಟಿಯ ಹೆಸರು, ಬಿಲ್ ಸಂಖ್ಯೆ, ಸರಕು ತಲುಪಿದ ದಿನಾಂಕ, ಒಪ್ಪಂದದ ದಿನಗಳು, ಗಡುವು, ಮೊತ್ತ, ಹಣ ಬಂದ ದಿನಾಂಕ ಎಂದು ಏಳು ಕಲಮುಗಳನ್ನು ಮಾಡಬೇಕು. ತಲುಪಿದ ದಿನಾಂಕಕ್ಕೆ ಒಪ್ಪಂದದ ದಿನಗಳನ್ನು ಕೂಡಿದರೆ ಗಡುವು ದೊರೆಯುತ್ತದೆ. ಅನಂತರ ಆಟೊಮೇಷನ್ ಸೇವೆಯಲ್ಲಿ ಹೀಗೆ ಸೂಚಿಸಬೇಕು: ಪ್ರತಿದಿನ ಬೆಳಗ್ಗೆ 9.30ಕ್ಕೆ ಹಾಳೆಯನ್ನು ನೋಡು, ಹಣ ಬಂದ ದಿನಾಂಕ ಖಾಲಿಯಿದ್ದು ಗಡುವಿಗೆ ಏಳು ದಿನ ಉಳಿದಿದ್ದರೆ ಆರಿಸು, ಇಮೇಲ್ ಕಳುಹಿಸು. ಸರಕು ಒಯ್ಯುವ ಹುಡುಗ ಚಲನ್‌ಗೆ ಸಹಿ ಪಡೆದ ಕೂಡಲೇ ಮೊಬೈಲಿನಲ್ಲಿ ಗೂಗಲ್ ಫಾರ್ಮ್ ತುಂಬಿದರೆ ದಿನಾಂಕವು ತಾನಾಗಿ ಹಾಳೆಗೆ ಸೇರುತ್ತದೆ.

ಈ ಇಮೇಲ್ ಯಾರಿಗೆ ಹೋಗಬೇಕು? ಮೊದಲ ಒಂದೆರಡು ತಿಂಗಳು ಮಾಲೀಕರಿಗೆ ಮಾತ್ರ. ಹಿಂದಿನ ದಿನವೇ ಹಣ ಕಳುಹಿಸಿದ ಹಳೆಯ ಗಿರಾಕಿಗೆ ಯಂತ್ರವೊಂದು ಬಾಕಿ ಕೇಳಿ ಪತ್ರ ಬರೆದರೆ, ವರ್ಷಗಳ ವಿಶ್ವಾಸಕ್ಕೆ ಧಕ್ಕೆಯಾಗುತ್ತದೆ. ದಿನ ಎಣಿಸುವ ಕೆಲಸ ಯಂತ್ರದ್ದು, ಫೋನು ಎತ್ತಿ ಕೇಳುವ ಕೆಲಸ ಮಾಲೀಕರದ್ದು ಎಂಬ ವಿಂಗಡಣೆ ಸಣ್ಣ ವ್ಯಾಪಾರಕ್ಕೆ ಒಪ್ಪುವಂತಹುದು.

ಎಡವುವ ಸ್ಥಳಗಳು

ಮೊದಲನೆಯದು ದಿನಾಂಕ. ಹಾಳೆಯ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ, ಆಗಸ್ಟ್ 5 ಎಂಬರ್ಥದಲ್ಲಿ ಬರೆದ 05/08 ಮೇ 8 ಆಗುತ್ತದೆ. ಸೆಪ್ಟೆಂಬರ್ 19ಕ್ಕೆ ಬರಬೇಕಾದ 45 ದಿನಗಳ ಗಡುವು ಜೂನ್ 22ಕ್ಕೇ ಮುಗಿದುಹೋಗಿರುತ್ತದೆ. 13/08 ಎಂದು ಬರೆದರಂತೂ ಅದು ದಿನಾಂಕವೆಂದೇ ಪರಿಗಣಿತವಾಗದೆ, ಆ ಬಿಲ್ಲಿನ ನೆನಪೋಲೆ ಎಂದಿಗೂ ಬಾರದು. ಆದ್ದರಿಂದ ಕೆಲಸಕ್ಕೆ ತೊಡಗುವ ಮೊದಲೇ ದೇಶವನ್ನು ಭಾರತವೆಂದೂ ಸಮಯವಲಯವನ್ನು ಭಾರತೀಯ ಕಾಲಮಾನವೆಂದೂ ಬದಲಿಸಬೇಕು. ಆಟೊಮೇಷನ್ ಸೇವೆಯ ಸಮಯವಲಯವನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಎರಡನೆಯದು ವಾಟ್ಸ್‌ಆಪ್. ಅದರ ಮೂಲಕ ಸ್ವಯಂಚಾಲಿತ ಸಂದೇಶ ಕಳುಹಿಸಲು ಅಧಿಕೃತ ಬಿಸಿನೆಸ್ ಪ್ಲಾಟ್‌ಫಾರ್ಮ್ ಇದ್ದು, ಅಲ್ಲಿ ಸಂದೇಶದ ನಮೂನೆಗೆ ಮೊದಲೇ ಅನುಮೋದನೆ ಪಡೆದು ಶುಲ್ಕ ತೆರಬೇಕು. ಅಗ್ಗದ ಅನಧಿಕೃತ ತಂತ್ರಾಂಶಗಳನ್ನು ಬಳಸಿದರೆ ಗಿರಾಕಿಗಳೆಲ್ಲರ ಬಳಿಯಿರುವ ಅಂಗಡಿಯ ನಂಬರೇ ನಿಷೇಧಕ್ಕೊಳಗಾಗಬಹುದು.

ಅಂಗಡಿಯ ಗಣಕಯಂತ್ರದಲ್ಲಿರುವ ಟ್ಯಾಲಿಯು ಕ್ಲೌಡ್ ಸೇವೆಗಳಿಗೆ ನೇರವಾಗಿ ಕಾಣಿಸುವುದಿಲ್ಲ. ವಾರಕ್ಕೊಮ್ಮೆ ಬಾಕಿ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ ಹಾಳೆಯೊಂದಿಗೆ ತಾಳೆ ನೋಡುವುದು ಆರಂಭಕ್ಕೆ ಸಾಕು.

ಶುಲ್ಕವು ಸಾಮಾನ್ಯವಾಗಿ ಯಂತ್ರ ಮಾಡಿದ ಕೆಲಸಗಳ ಸಂಖ್ಯೆಯ ಮೇಲಿರುತ್ತದೆ. ಬಾಕಿಯ ನೆನಪೋಲೆಗೆ ಹೆಚ್ಚೇನೂ ಖರ್ಚಾಗದು. ಆದರೆ ದಿನಕ್ಕೆ 40 ಆರ್ಡರು, ಪ್ರತಿಯೊಂದಕ್ಕೂ ನಾಲ್ಕು ಕೆಲಸ ಎಂದರೆ 26 ದಿನಗಳ ತಿಂಗಳಿಗೆ 4,160 ಕೆಲಸಗಳಾಗುತ್ತವೆ. ಆದ್ದರಿಂದ ಹಣ ಕಟ್ಟುವ ಮೊದಲು ಈ ಗುಣಾಕಾರ ಅಗತ್ಯ.

ಖಾತೆಯನ್ನು ಯಾರ ಹೆಸರಿನಲ್ಲಿ ತೆರೆಯಬೇಕೆಂಬುದನ್ನು ಹಲವರು ಯೋಚಿಸುವುದಿಲ್ಲ. ಗುಮಾಸ್ತರ ಸ್ವಂತ ಇಮೇಲ್‌ನಲ್ಲಿ ತೆರೆದರೆ, ಅವರು ಕೆಲಸ ಬಿಟ್ಟ ದಿನ ಹಾಳೆಯೂ ಪಾರ್ಟಿಗಳ ಪಟ್ಟಿಯೂ ಅವರೊಡನೆ ಹೋಗುತ್ತವೆ. ಸಂಸ್ಥೆಯ ಇಮೇಲ್‌ನಲ್ಲಿಯೇ ಖಾತೆ ತೆರೆದು, ಎರಡು ಹಂತದ ಭದ್ರತೆ ಅಳವಡಿಸಿ, ಪಾಸ್‌ವರ್ಡ್ ಮಾಲೀಕರ ಬಳಿ ಇರಬೇಕು. ಕೆಲಸ ಮಧ್ಯದಲ್ಲಿ ನಿಂತಾಗ ಸೇವೆಯು ಕಳುಹಿಸುವ ಎಚ್ಚರಿಕೆಯ ಪತ್ರವೂ ಬರುವುದು ಆ ಇಮೇಲ್‌ಗೇ. ಅದನ್ನು ದಿನವೂ ತೆರೆಯುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು.