ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಿರಾ?

ಶಿವರಾತ್ರಿ ಹತ್ತಿರ ಬಂತೆಂದರೆ ಚಿನಕುರಳಿ, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಮನೆಗಳಲ್ಲಿ ಒಂದು ಮಾತು ಎದ್ದೇ ಏಳುತ್ತದೆ: ‘ಈ ಸಲ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡೇ ಹೋಗೋಣ ಕಣ್ರೀ.’ ಮಗುವಿಗೆ ಹುಷಾರಿಲ್ಲದಾಗ ಹೊತ್ತ ಹರಕೆಯೋ, ಅತ್ತೆಯವರು ಹೊತ್ತು ತೀರಿಸಲಾಗದೆ ಹೋದ ಹರಕೆಯೋ, ಏನೋ ಒಂದು ಇರುತ್ತದೆ. ನೀವೂ ಹೊರಡುವವರಾದರೆ, ಸೋದರಿ, ಎಪ್ಪತ್ತೇಳು ಮಲೆಯ ಒಡೆಯನ ಮಹಿಮೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನೀರಿನ ಮಾತು ಹೇಳುತ್ತೇನೆ, ಕೇಳಿ.

ಚಿನಕುರಳಿಯಿಂದ ಬೆಟ್ಟಕ್ಕೆ 150 ಕಿಲೋಮೀಟರಿಗೂ ಹೆಚ್ಚು ದಾರಿ. ದಿನಕ್ಕೆ 25 ಕಿಲೋಮೀಟರು ನಡೆದರೂ ಆರೇಳು ದಿನ ಬೇಕು. ಕನ್ನಂಬಾಡಿ ಕಟ್ಟೆಯ ಸೀಮೆಯಲ್ಲಿ ಬಾಳುವ ನಮಗೆ ಮೊದಲ ದಿನಗಳು ಏನೂ ಅನ್ನಿಸುವುದಿಲ್ಲ. ಶ್ರೀರಂಗಪಟ್ಟಣ, ಬನ್ನೂರಿನ ಕಡೆಯೆಲ್ಲ ನಾಲೆ, ಗದ್ದೆ, ತೆಂಗಿನ ನೆರಳು. ಮಳವಳ್ಳಿ ಬಿಟ್ಟು ಸತ್ತೇಗಾಲದ ಸೇತುವೆಯಲ್ಲಿ ಕಾವೇರಿ ದಾಟಿ ಕೊಳ್ಳೇಗಾಲ ಮುಟ್ಟಿದ ಮೇಲೆಯೇ ನಿಜವಾದ ನಡಿಗೆ. ಅಲ್ಲಿಂದಾಚೆ 70 ಕಿಲೋಮೀಟರಿಗೂ ಹೆಚ್ಚು ದಾರಿ, ಹನೂರು, ಕೌದಳ್ಳಿ ಹಾದು. ಮಳೆಯನ್ನೇ ನಂಬಿದ ಹೊಲಗಳು, ಜಾಲಿ ಪೊದೆ, ಬತ್ತಿದ ಹಳ್ಳ. ಮಟಮಟ ಮಧ್ಯಾಹ್ನ ಟಾರು ರಸ್ತೆ ಕಾದ ಹೆಂಚಿನಂತಾಗುತ್ತದೆ. ಯುಗಾದಿ ಜಾತ್ರೆಗೆ ಹೋಗುವವರಿಗಂತೂ ಇನ್ನೂ ಬಿಸಿ.

ಇಂಥ ದಾರಿಯಲ್ಲಿ ಗಂಡಸರಿಗಿಂತ ಹೆಂಗಸರೇ ಬೇಗ ಸೋಲುವುದುಂಟು. ‘ನಮಗೆ ಶಕ್ತಿ ಕಡಿಮೆ’ ಎಂದುಕೊಳ್ಳಬೇಡಿ. ಬಾವಿಯಿಂದ ಬಿಂದಿಗೆ ಹೊತ್ತ ಸೊಂಟಕ್ಕೆ ನಡಿಗೆ ದೊಡ್ಡದಲ್ಲ. ಕಾರಣ ಬೇರೆ, ಬಾಯಿಬಿಟ್ಟು ಹೇಳಲು ಎಲ್ಲರಿಗೂ ಸಂಕೋಚ. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕಲ್ಲ, ಬಯಲಿನಲ್ಲಿ ಎಲ್ಲಿಗೆ ಹೋಗೋದು ಎಂದು ಬೆಳಗಿನಿಂದಲೇ ನೀರು ಮುಟ್ಟದೆ ನಡೆಯುತ್ತಾರೆ! ಬಿಸಿಲಲ್ಲಿ ಬಿರುಸಾಗಿ ನಡೆಯುವವರ ಮೈಯಿಂದ ಗಂಟೆಗೆ ಅರ್ಧ, ಒಂದು ಲೀಟರು ಬೆವರು ಹೋಗುತ್ತದೆ. ಅದನ್ನು ತುಂಬದಿದ್ದರೆ ತಲೆ ಸುತ್ತು, ಉರಿಮೂತ್ರ, ಕೊನೆಗೆ ಪ್ರಾಣಕ್ಕೇ ಸಂಚು. ಮೂತ್ರ ಕಡು ಹಳದಿಯಾದರೆ ನೀರು ಸಾಲದು ಎಂದೇ ತಿಳಿಯಿರಿ.

ಐದಾರು ಹೆಂಗಸರು ಜೊತೆಯಾಗಿಯೇ ಹೊರಡಿ. ಒಂದು ಹಳೇ ಸೀರೆ ಜೋಳಿಗೆಯಲ್ಲಿರಲಿ, ಇಬ್ಬರು ಅಡ್ಡ ಹಿಡಿದರೆ ಮರೆಯಾಯಿತು. ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ ಹಂಚುವ ಪುಣ್ಯವಂತರಿಗೂ ಒಂದು ಮಾತು: ಪೆಂಡಾಲಿನ ಹಿಂದೆ ನಾಲ್ಕು ತೆಂಗಿನ ಗರಿಯ ತಡಿಕೆ, ಒಂದು ಡ್ರಮ್ಮು ನೀರು ಇಡಿಸಿದರೆ ಅದೂ ದಾನವೇ ಅಲ್ಲವೇ? ಲಾಡು ಪಾಯಸಕ್ಕಿಂತ ಅದು ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಬರೀ ನೀರನ್ನೇ ಗಟಗಟ ಕುಡಿದರೂ ಸಾಲದು. ಬೆವರಿನೊಡನೆ ಉಪ್ಪೂ ಹೋಗಿರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನೊಬಿಸ್ ಅವರು ಕಾಲರಾ ರೋಗಿಗಳನ್ನು ಉಳಿಸಿದ್ದು ಉಪ್ಪು, ಗ್ಲೂಕೋಸು ಕದಡಿದ ನೀರಿನಿಂದಲೇ. ಮನೆಯಲ್ಲಿ ಮಾಡುವ ಅಳತೆ: ಕಾಯಿಸಿ ಆರಿಸಿದ 1 ಲೀಟರು ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಸವರಿದ ಚಮಚ. ಉಪ್ಪು ಹೆಚ್ಚಾಗಬಾರದು. ಉಪ್ಪು ಹಾಕಿದ ನೀರುಮಜ್ಜಿಗೆಯೂ ಆದೀತು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿಯೇ ಹೊರಡಿ.

ಬುತ್ತಿಗೆ ರಾಗಿ ಹುರಿಹಿಟ್ಟಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ರಾಗಿಗೆ ಮಜ್ಜಿಗೆ ಚಿಮುಕಿಸಿ ರಾತ್ರಿ ಬಟ್ಟೆಯಲ್ಲಿ ಕಟ್ಟಿಡಿ. ಬೆಳಿಗ್ಗೆ ನೆರಳಲ್ಲಿ ಆರಿಸಿ, ಕಾದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಅರಳುವಂತೆ ಹುರಿದು, ಏಲಕ್ಕಿ ಸೇರಿಸಿ ಬೀಸಿಸಿ. ಒಲೆ ಬೇಡ, ಪಾತ್ರೆ ಬೇಡ. ಬೆಲ್ಲ, ನೀರು ಹಾಕಿ ಕಲಸಿದರೆ ಊಟವಾಯಿತು. ಜೊತೆಗೆ ಚಟ್ನಿಪುಡಿ, ಅವಲಕ್ಕಿ, ನಿಂಬೆಹಣ್ಣು ಸಾಕು. ಒಂದು ಲೀಟರು ನೀರೆಂದರೆ ಒಂದು ಕೆ.ಜಿ. ಭಾರ, ಆದ್ದರಿಂದ ಕಡಿಮೆ ಮಾಡುವುದಾದರೆ ಸೀರೆಗಳನ್ನು ಕಡಿಮೆ ಮಾಡಿ, ನೀರನ್ನಲ್ಲ.

ಹೊಸ ಚಪ್ಪಲಿ ಬೇಡವೇ ಬೇಡ, ಕಾಲಿಗೆ ಒಗ್ಗಿದ್ದೇ ಇರಲಿ. ಬರಿಗಾಲ ಹರಕೆಯಾದರೆ ಬೆಳಗಿನ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ ಮಾತ್ರ ನಡೆಯಿರಿ. ಬೊಬ್ಬೆ ಎದ್ದರೆ ಒಡೆಯಬೇಡಿ. ಯಾರಾದರೂ ತೊದಲಿದರೆ, ಏನೇನೋ ಮಾತಾಡಿದರೆ, ಮೈ ಕೆಂಡದಂತಾದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, 108ಕ್ಕೆ ಫೋನು ಮಾಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಕೌದಳ್ಳಿಯ ಮುಂದೆ ಕಾಡು ಹತ್ತಿರವಾಗುತ್ತದೆ. ಈ ಮಲೆಗಳು 2013ರಿಂದ ವನ್ಯಧಾಮ. ಆನೆ, ಚಿರತೆ, ಹುಲಿ ಎಲ್ಲವೂ ಉಂಟು. ತಂಪೆಂದು ಅಲ್ಲಿ ಕತ್ತಲಲ್ಲಿ ನಡೆಯುವಂತಿಲ್ಲ. ಸಂಜೆಯೊಳಗೆ ತಾಳಬೆಟ್ಟ ಸೇರಿ, ಅಲ್ಲೇ ಜನರ ನಡುವೆ ಮಲಗಿ. ಚೆನ್ನಾಗಿ ಬೆಳಕು ಹರಿದ ಮೇಲೆ, ಎಲ್ಲರ ಬಾಟಲಿಯೂ ತುಂಬಿದೆಯೇ ನೋಡಿಕೊಂಡು, ಗುಂಪಾಗಿ ಬೆಟ್ಟ ಹತ್ತಿ. ವಾಪಸು ಬರಲು ಬೆಟ್ಟದಿಂದ ಕೊಳ್ಳೇಗಾಲಕ್ಕೂ ಮೈಸೂರಿಗೂ ಬಸ್ಸುಗಳಿವೆ.