ಮಿಶ್ರ ವೈರಸ್ಸು ಮನುಷ್ಯನ ಸೃಷ್ಟಿಯೇ?

ಹೈಬ್ರಿಡ್ ಎಂಬ ಪದವನ್ನು ಕಲಬುರಗಿ ಸೀಮೆಯ ರೈತರು ಮೊದಲು ಕಂಡದ್ದು ಜೋಳ, ಹತ್ತಿಯ ಬೀಜದ ಚೀಲಗಳ ಮೇಲೆ; ಎರಡು ತಳಿಗಳನ್ನು ಆಯ್ದು, ಒಂದರ ಪರಾಗವನ್ನು ಇನ್ನೊಂದಕ್ಕೆ ತಾಗಿಸಿ, ಮನುಷ್ಯ ತನ್ನ ಪ್ರಯೋಜನಕ್ಕೆಂದು ಮಾಡಿಕೊಂಡದ್ದು ಎಂಬ ಅರ್ಥ ಆ ಪದಕ್ಕೆ ಅಂಟಿಕೊಂಡಿರುವುದು ಸಹಜವೇ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವನ್ನು ಕಂಡ ಈ ಜಿಲ್ಲೆಯಲ್ಲಿ ವೈರಸ್ಸಿನ ಮಾತು ಮನೆಮಾತಾದಂತೆ ಅದೇ ಅರ್ಥ ಅಲ್ಲಿಗೂ ದಾಟಿತು. ಮಿಶ್ರ ವೈರಸ್ಸು ಎಂದರೆ ಪ್ರಯೋಗಾಲಯದಲ್ಲಿ ಯಾರೋ ಕೂಡಿಸಿದ್ದು, ಕೂಡಿಸಿದ್ದರಿಂದಲೇ ಇಮ್ಮಡಿ ಘಾತಕವಾದದ್ದು ಎಂಬುದು ಈಗ ವ್ಯಾಪಕವಾದ ನಂಬಿಕೆ.

ಈ ನಂಬಿಕೆಯ ಎರಡೂ ಭಾಗಗಳನ್ನು ಅಲ್ಲಗಳೆಯುವ ಸಾಕ್ಷ್ಯ ಕರ್ನಾಟಕದಲ್ಲೇ ದೊರೆತಿದೆ. 1980ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಅವರ ಸಹೋದ್ಯೋಗಿಗಳು ನವಜಾತ ಶಿಶುಗಳ ಮಲದಲ್ಲಿ ರೋಟಾ ವೈರಸ್ಸನ್ನು, ಅಂದರೆ ಎಳೆಯ ಮಕ್ಕಳಲ್ಲಿ ತೀವ್ರ ವಾಂತಿ‑ಭೇದಿ ಉಂಟುಮಾಡುವ ವೈರಸ್ಸನ್ನು, ಪತ್ತೆ ಮಾಡಿದರು. ಆದರೆ ಆ ಶಿಶುಗಳಿಗೆ ಭೇದಿಯೇ ಇರಲಿಲ್ಲ. ಐ321 ಎಂಬ ಹೆಸರು ಪಡೆದ ಆ ತಳಿಯ 11 ಆರ್‌ಎನ್‌ಎ ತುಣುಕುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ 9 ತುಣುಕುಗಳು ದನದ ರೋಟಾ ವೈರಸ್ಸಿಗೆ, 2 ಮಾತ್ರ ಮನುಷ್ಯನ ರೋಟಾ ವೈರಸ್ಸಿಗೆ ಸೇರಿದವೆಂದು ತಿಳಿಯಿತು. ಇದನ್ನು ಯಾರೂ ಕೂಡಿಸಿರಲಿಲ್ಲ. ಇದು ಆ ಹಸುಗೂಸುಗಳಿಗೆ ಕೇಡು ಮಾಡಿಯೂ ಇರಲಿಲ್ಲ.

ಇಂಥ ಕೂಡಿಕೆ ತಾನಾಗಿ ಹೇಗೆ ನಡೆಯುತ್ತದೆ ಎಂಬುದಕ್ಕೆ ರೋಟಾ ವೈರಸ್ಸಿನ ರಚನೆಯಲ್ಲೇ ಉತ್ತರವಿದೆ. ಅದರ ವಂಶವಾಹಿ ಒಂದೇ ಉದ್ದನೆಯ ಎಳೆಯಾಗಿರದೆ 11 ಬಿಡಿ ತುಣುಕುಗಳಾಗಿದ್ದು, ದನದ ಮತ್ತು ಮನುಷ್ಯನ ವೈರಸ್ಸುಗಳು ಒಂದೇ ಕರುಳಿನ ಒಂದೇ ಜೀವಕೋಶವನ್ನು ಹೊಕ್ಕಾಗ ಎರಡರ ತುಣುಕುಗಳೂ ಅಲ್ಲಿ ರಾಶಿಯಾಗುತ್ತವೆ. ಒಂದೇ ಕಣದಲ್ಲಿ ಎರಡು ಹೊಲಗಳ ರಾಶಿ ಬೆರೆತಾಗ ಚೀಲ ತುಂಬುವವನ ಕೈಗೆ ಯಾವ ಹೊಲದ ಕಾಳು ಬಂದೀತೆಂದು ಹೇಳಲಾಗದಂತೆ, ಹೊಸ ವೈರಸ್ಸಿನ ಕವಚದೊಳಗೆ ಯಾವ ತುಣುಕು ಯಾರದು ಸೇರೀತೆಂದು ಹೇಳಲಾಗದು. ಹನ್ನೊಂದು ಬಗೆಯೂ ಒಂದೊಂದು ಇರಬೇಕೆಂಬುದಷ್ಟೇ ನಿಯಮ. ವಿಜ್ಞಾನದಲ್ಲಿ ಇದಕ್ಕೆ ಪುನರ್ಜೋಡಣೆ ಎಂದು ಹೆಸರು. ಕುಸನೂರದಂತೆ ಕಲಬುರಗಿ ನಗರಕ್ಕೆ ಹೊಂದಿಕೊಂಡಿದ್ದರೂ ಹಳ್ಳಿಯ ಬದುಕನ್ನು ಬಿಡದ ಊರುಗಳಲ್ಲಿ, ದನದ ಕೊಟ್ಟಿಗೆಗೂ ಕೂಸಿನ ತೊಟ್ಟಿಲಿಗೂ ನಡುವೆ ಒಂದೇ ಗೋಡೆಯಿರುವ ಮನೆಗಳಲ್ಲಿ, ಎರಡು ವೈರಸ್ಸುಗಳ ಭೇಟಿಗೆ ಪ್ರಯೋಗಾಲಯದ ಅಗತ್ಯವೇ ಇಲ್ಲ.

ಹಾಗಾದರೆ ಪ್ರಯೋಗಾಲಯದ ಕೆಲಸವೇನು ಎಂಬ ಪ್ರಶ್ನೆಗೆ ಉತ್ತರ ಒಂದೇ ಮಾತಿನಲ್ಲಿದೆ: ಬೇರ್ಪಡಿಸುವುದು. ಒಂದು ಮಾದರಿಯಲ್ಲಿ ಎರಡು ವೈರಸ್ಸುಗಳ ವಂಶವಾಹಿ ಕಂಡರೆ ಅದು ಮಿಶ್ರತಳಿಯೆಂದು ತೀರ್ಮಾನಿಸುವುದು ಓದಿದವರೂ ಮಾಡುವ ತಪ್ಪು. ಒಂದೇ ಮಗುವಿಗೆ ಎರಡು ಬೇರೆ ವೈರಸ್ಸುಗಳು ಒಮ್ಮೆಗೇ ತಗುಲಿದ್ದರೂ, ಇಲ್ಲವೇ ಎರಡು ಮಾದರಿಗಳು ಪರೀಕ್ಷೆಯ ವೇಳೆ ಒಂದಕ್ಕೊಂದು ಸೋಂಕಿದ್ದರೂ, ಫಲಿತಾಂಶ ಹಾಗೆಯೇ ಕಾಣುತ್ತದೆ. 2022ರ ಜನವರಿಯಲ್ಲಿ ಸೈಪ್ರಸ್‌ನಿಂದ ಡೆಲ್ಟಾಕ್ರಾನ್ ಎಂಬ, ಕೋವಿಡ್ ವೈರಸ್ಸಿನ ಡೆಲ್ಟಾ ಮತ್ತು ಒಮಿಕ್ರಾನ್ ತಳಿಗಳ ಮಿಶ್ರಣದ ಸುದ್ದಿ ಹೊರಟಾಗ ಅನೇಕ ತಜ್ಞರು ಅದನ್ನು ಮಾದರಿಗಳ ಬೆರಕೆಯೆಂದು ಶಂಕಿಸಿದ್ದು ಇದೇ ಕಾರಣಕ್ಕೆ.

ಬೇರ್ಪಡಿಸಲು ವೈರಸ್ಸು ಬೆಳೆಯಬೇಕು, ಆದರೆ ಅದು ಬ್ಯಾಕ್ಟೀರಿಯಾದಂತೆ ಬರಿಯ ಪೋಷಕ ದ್ರವದಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಕೋಶಗಳು ಬೇಕು. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ತಟ್ಟೆಯ ತಳದಲ್ಲಿ, ಪೋಷಕ ದ್ರವದ ಕೆಳಗೆ, ಒಂದೇ ಪದರವಾಗಿ ಹರಡಿಕೊಳ್ಳುವಂತೆ ಬೆಳೆಸಿದ ಕೋಶಗಳಿಗೆ ಕೋಶಕೃಷಿ ಎನ್ನುತ್ತಾರೆ. ಪ್ರತಿ ಪ್ರಯೋಗಕ್ಕೂ ಒಂದು ಪ್ರಾಣಿಯನ್ನು ಕೊಲ್ಲುತ್ತಾರೆ ಎಂಬ ಗ್ರಹಿಕೆಯೂ ಸರಿಯಲ್ಲ, ಏಕೆಂದರೆ 1962ರಲ್ಲಿ ಜಪಾನಿನಲ್ಲಿ ಒಂದು ಕೋತಿಯ ಮೂತ್ರಪಿಂಡದಿಂದ ಪಡೆದ ವೆರೋ ಕೋಶಗಳ ಸಂತತಿಯೇ ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಮನುಷ್ಯನ ರೋಟಾ ವೈರಸ್ಸು ಮಾತ್ರ ಬಹುಕಾಲ ತಟ್ಟೆಯಲ್ಲಿ ಬೆಳೆಯಲೊಲ್ಲದೆ ಉಳಿದಿತ್ತು. ಅದರ ಮೈಮೇಲಿನ ಮುಳ್ಳುಗಳನ್ನು ಕರುಳಿನ ಪಾಚಕ ಕಿಣ್ವವೊಂದು ಕತ್ತರಿಸಿದ ಮೇಲಷ್ಟೇ ಅದು ಕೋಶವನ್ನು ಸಲೀಸಾಗಿ ಹೊಗುತ್ತದೆ; ಟ್ರಿಪ್ಸಿನ್ ಎಂಬ ಆ ಕಿಣ್ವವನ್ನು ಬೆರೆಸಿ, ಎಂಎ104 ಎಂಬ ಕೋತಿಕೋಶಗಳ ನಳಿಕೆಗಳನ್ನು ಮೆಲ್ಲಗೆ ಉರುಳಿಸುತ್ತ, ಜಪಾನಿನ ಸಂಶೋಧಕರು 1981ರ ಸುಮಾರಿಗೆ ಅದನ್ನು ಬೆಳೆಸಿ ತೋರಿಸಿದರು. ಹೊಟ್ಟೆಯೊಳಗಿನ ಸ್ಥಿತಿಯನ್ನು ತಟ್ಟೆಗೆ ತಂದ ಈ ಸರಳ ಉಪಾಯವಿಲ್ಲದಿದ್ದರೆ ಮುಂದಿನ ಕೆಲಸವೆಲ್ಲ ಬಹಳ ತಡವಾಗುತ್ತಿತ್ತು.

ಕೋಶಗಳ ಪದರಕ್ಕೆ ತೀರ ತೆಳುಮಾಡಿದ ವೈರಸ್ಸನ್ನು ಹಾಕಿ, ಮೇಲೆ ಅಗರ್ ಎಂಬ ಲೋಳೆಯನ್ನು ಹರಡಿದರೆ, ವೈರಸ್ಸು ದೂರ ಹರಿಯಲಾರದೆ ತಾನು ಹೊಕ್ಕ ಕೋಶದ ಅಕ್ಕಪಕ್ಕವನ್ನಷ್ಟೇ ಕೊಲ್ಲುತ್ತದೆ. ಕೆಲ ದಿನಗಳ ನಂತರ ಕೆಂಪು ಬಣ್ಣ ಹಾಕಿದಾಗ ಬದುಕಿರುವ ಕೋಶಗಳು ಬಣ್ಣ ಹೀರಿ ಕೆಂಪಾಗುತ್ತವೆ, ಸತ್ತಲ್ಲಿ ಸಾಸಿವೆಯಷ್ಟು ಬಣ್ಣವಿಲ್ಲದ ಚುಕ್ಕೆಗಳು ಉಳಿಯುತ್ತವೆ. ಒಂದು ಚುಕ್ಕೆ ಸಾಮಾನ್ಯವಾಗಿ ಒಂದೇ ವೈರಸ್ಸಿನ ಸಂತಾನ. ಅದನ್ನು ಹೀರಿ ತೆಗೆದು ಮತ್ತೆ ಬೆಳೆಸಿ, ಮತ್ತೆ ಒಂದೇ ಚುಕ್ಕೆಯನ್ನು ಆರಿಸಿದರೆ, ಶುದ್ಧ ವಂಶವೊಂದು ಕೈಗೆ ಬರುತ್ತದೆ. ಅದರ ಆರ್‌ಎನ್‌ಎಯನ್ನು ವಿದ್ಯುತ್ ಹರಿಸಿದ ಲೋಳೆಪಟ್ಟಿಯಲ್ಲಿ ಓಡಿಸಿದಾಗ ತುಣುಕುಗಳು ಗಾತ್ರಕ್ಕನುಗುಣವಾಗಿ ಸಾಲುಗಟ್ಟಿ ನಾಲ್ಕು, ಎರಡು, ಮೂರು, ಎರಡು ಎಂಬ ಗುಂಪುಗಳ ಹನ್ನೊಂದು ಗೆರೆಗಳಾಗಿ ಕಾಣುತ್ತವೆ. ಹನ್ನೊಂದಕ್ಕಿಂತ ಹೆಚ್ಚು ಗೆರೆಗಳಿದ್ದರೆ ಅಲ್ಲಿರುವುದು ಬೆರಕೆ. ಹನ್ನೊಂದೇ ಇದ್ದು, ಅವುಗಳಲ್ಲಿ ಕೆಲವು ದನದ ವೈರಸ್ಸಿಗೂ ಕೆಲವು ಮನುಷ್ಯನ ವೈರಸ್ಸಿಗೂ ಹೊಂದುತ್ತವೆಂದು ಅನುಕ್ರಮ ಪರೀಕ್ಷೆ ತೋರಿಸಿದರೆ, ಅದು ನಿಜವಾದ ಮಿಶ್ರತಳಿ.

ಐ321ರ ಸೌಮ್ಯತೆಯನ್ನು ಕಂಡು ಮಿಶ್ರ ವೈರಸ್ಸುಗಳೆಲ್ಲ ನಿರಪಾಯವೆಂದು ಭಾವಿಸುವುದೂ ತಪ್ಪಾಗುತ್ತದೆ. ಅದರದೇ ಹೊರಮೈ ಪ್ರೋಟೀನುಗಳ ಬಗೆಯುಳ್ಳ ವೈರಸ್ಸುಗಳು ತಮಿಳುನಾಡಿನ ವೆಲ್ಲೂರಿನಲ್ಲಿ ನವಜಾತ ಶಿಶುಗಳಿಗೆ ಭೇದಿ ತಂದದ್ದು ದಾಖಲಾಗಿದೆ. ಮಿಶ್ರಣವೊಂದೇ ಗುಣವನ್ನು ನಿರ್ಧರಿಸುವುದಿಲ್ಲ.

ದನದ ವೈರಸ್ಸಿನ ಅಂಶವಿರುವ ರೋಟಾ ಲಸಿಕೆಯ ಹನಿಯನ್ನು ಮಗುವಿನ ಬಾಯಿಗೆ ಹಾಕಿಸಬಾರದು ಎಂಬ ಹಿಂಜರಿಕೆ ಇವೆಲ್ಲಕ್ಕಿಂತ ಹೆಚ್ಚು ಹಾನಿಕರ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಕೆ. ಭಾನ್ ಅವರ ತಂಡ ನವಜಾತ ಶಿಶುಗಳಲ್ಲಿ ಕಂಡ 116ಇ ತಳಿಯೂ ನಿಸರ್ಗದ ಮಿಶ್ರಣವೇ, ಅದರಲ್ಲಿ ಒಂದು ತುಣುಕು ಮಾತ್ರ ದನದ್ದು. ಐ321 ಮತ್ತು 116ಇ ಎರಡನ್ನೂ ಶಿಶುಗಳಲ್ಲಿ ಪರೀಕ್ಷಿಸಿದಾಗ ಬೆಂಗಳೂರಿನ ತಳಿ ಸಾಕಷ್ಟು ರೋಗನಿರೋಧಕತೆ ತರಲಿಲ್ಲವಾಗಿ ಹಿಂದುಳಿಯಿತು, ದೆಹಲಿಯದು ರೋಟಾವ್ಯಾಕ್ ಲಸಿಕೆಯಾಯಿತು. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಮೊದಲ ವರ್ಷದ ತೀವ್ರ ರೋಟಾ ಭೇದಿಯನ್ನು ಸುಮಾರು ಶೇಕಡಾ 56ರಷ್ಟು ತಗ್ಗಿಸಿತು. ರೋಟಾಸಿಲ್ ಎಂಬ ಇನ್ನೊಂದು ಲಸಿಕೆಯನ್ನು ದನದ ವೈರಸ್ಸಿಗೆ ಮನುಷ್ಯನ ವೈರಸ್ಸಿನ ಹೊರಮೈ ತುಣುಕನ್ನು ಸೇರಿಸಿ ಪ್ರಯೋಗಾಲಯದಲ್ಲೇ ರೂಪಿಸಲಾಗಿದೆ. ಮನುಷ್ಯ ಬೇಕೆಂದೇ ಕೂಡಿಸಿದ ಮಿಶ್ರ ವೈರಸ್ಸು ಇಲ್ಲಿ ಮಗುವನ್ನು ಕಾಯುವ ವಸ್ತು.

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ರೋಟಾ ಲಸಿಕೆಯನ್ನು ಮಗುವಿಗೆ 6, 10 ಮತ್ತು 14 ವಾರಗಳಾದಾಗ ಬಾಯಿಯ ಮೂಲಕ, ಉಚಿತವಾಗಿ ಕೊಡಲಾಗುತ್ತದೆ. ಲಸಿಕೆ ಹಾಕಿಸಿದ ಮೇಲೂ ಮಗುವಿಗೆ ಭೇದಿಯಾದರೆ ಲಸಿಕೆ ಸುಳ್ಳೆಂದು ಅರ್ಥವಲ್ಲ, ಭೇದಿಗೆ ಬೇರೆ ರೋಗಾಣುಗಳೂ ಕಾರಣವಾಗುತ್ತವೆ. ಹಲ್ಲು ಬರುವ ಭೇದಿಯೆಂದು ಸುಮ್ಮನಿರದೆ ಎದೆಹಾಲನ್ನು ಮುಂದುವರಿಸಿ, ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿ, ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಬಿಡದೆ 14 ದಿನ ಪೂರ್ತಿ ಕೊಡಬೇಕಾಗುತ್ತದೆ.