ಮೈಬಣ್ಣ ಡಬ್ಬಿಯಲ್ಲಿಲ್ಲ

ಮೂರನೇ ತರಗತಿಗೆ ಚಿತ್ರಕಲೆ ಹೇಳಿಕೊಡಲು ಹೋದರೆ ಈ ಪ್ರಶ್ನೆ ಬಂದೇ ಬರುತ್ತದೆ: ‘ಮಿಸ್, ಸ್ಕಿನ್ ಕಲರ್ ಎಲ್ಲಿ?’ ಮಕ್ಕಳು ಹುಡುಕುವುದು ತಿಳಿಗುಲಾಬಿ ಕ್ರೆಯಾನ್. ಅಮೆರಿಕದ ಕ್ರೆಯೋಲಾ ಕಂಪನಿ ತನ್ನ ‘ಫ್ಲೆಶ್’ ಬಣ್ಣಕ್ಕೆ 1962ರಲ್ಲೇ ‘ಪೀಚ್’ ಎಂದು ಹೆಸರು ಬದಲಿಸಿತು. ನಮ್ಮ ಮಕ್ಕಳ ಬಾಯಲ್ಲಿ ಆ ಮಾತು ಇನ್ನೂ ಉಳಿದಿದೆ.

ಇದಕ್ಕೆ ಭಾಷಣ ಬೇಡ, ವಾಟರ್ ಕಲರ್ ಸಾಕು. ಕೆಂಪಿಗೆ ಹಳದಿ ಬೆರೆಸಿದರೆ ಕಿತ್ತಳೆ. ಅದಕ್ಕೆ ಕುಂಚದ ತುದಿಯಷ್ಟು ನೀಲಿ ಸೇರಿಸಿದರೆ ಕಂದು. ನೀಲಿ ಹೆಚ್ಚಿದಷ್ಟೂ ಗಾಢ, ನೀರು ಹೆಚ್ಚಿದಷ್ಟೂ ತಿಳಿ. ಹಾಳೆಯ ಮೇಲೆ ಹಚ್ಚಿ, ಪಕ್ಕದಲ್ಲಿ ಕೈಯಿಟ್ಟು ಮಕ್ಕಳೇ ಹೋಲಿಸಿ ನೋಡಲಿ. ಎಲ್ಲರ ಬಣ್ಣವೂ ಬೇರೆ, ಎಲ್ಲವೂ ಅದೇ ಮೂರರಿಂದ.

ಡಿ.ಇಡಿ., ಬಿ.ಇಡಿ. ಗೆಳೆಯರೇ, ಬೋಧನಾ ಅಭ್ಯಾಸಕ್ಕೆ ಹೋದಾಗ ಒಂದು ಪೀರಿಯಡ್ ಇದಕ್ಕೆ ಕೊಡಿ. ‘ಕರಿಯ’ ಎನಿಸಿಕೊಂಡು ಮುದುಡುವ ಮಗು, ತನ್ನ ಬಣ್ಣವನ್ನು ತಾನೇ ಕಲಸಿ ತಲೆಯೆತ್ತಲಿ.